ಏಳನೇ ಟೇಕಿನ ಸಾರು

ನಮ್ಮ ಸಿನಿಮಾಕ್ಕೆ ಕತೆ ಇತ್ತು, ಮಾತು ಇರಲಿಲ್ಲ.
ಬರೆಯುವವನಿಗೆ ಕೊಡಲು ದುಡ್ಡಿರಲಿಲ್ಲ ಅನ್ನುವುದು ನಿಜ,
ನೂತನ ಮಾತ್ರ ಅದನ್ನು ‘ಶೈಲಿ’ ಅನ್ನುತ್ತಿದ್ದ.
ವಾರವೆಲ್ಲ ಮೊಬೈಲ್ ರಿಪೇರಿ, ಭಾನುವಾರ ನಿರ್ದೇಶನ.
ಒಂದು ಚೀಟಿ ತೋರಿಸುವನು:
ರಾತ್ರಿ ಊಟ. ಅಪ್ಪ ಅಮ್ಮ ಮಾತು ಬಿಟ್ಟಿದ್ದಾರೆ.
ಯಾರಾದರೂ ಒಬ್ಬರು ಸೋಲಬೇಕು.
ಅಷ್ಟೇ. ಇನ್ನು ನಿಮ್ಮ ಬಾಯಿ, ನಿಮ್ಮ ಹಣೆಬರಹ.

ಭದ್ರಾವತಿ ನ್ಯೂಟೌನು, ಕಾರ್ಖಾನೆ ಕ್ವಾರ್ಟರ್ಸು, ಎರಡು ಕೋಣೆ.
ಬಾಡಿಗೆ ಇಲ್ಲ, ಹಾಲೇಶಪ್ಪನವರದೇ ಮನೆ,
ಅದಕ್ಕೇ ಅವರೇ ಅಪ್ಪ.
ಅಮ್ಮ, ಫ್ಲೋರಿನ್ ಟೀಚರು. ಸೀರೆ ಸ್ವಂತದ್ದು.
ಮಗನ ಪಾತ್ರಕ್ಕೆ ಯಾರೂ ಸಿಗದೆ
ಸಿಲಿಂಡರ್ ತಂದ ಇಮ್ರಾನನನ್ನೇ
ಹೆಗಲಿಂದ ಭಾರ ಇಳಿಸಿ ಕೂರಿಸಿ ತಟ್ಟೆ ಇಟ್ಟೆವು.
ನಾನು ಸೌಂಡು. ಅಂದರೆ
ಜೇಡರಬಲೆ ತೆಗೆಯುವ ಕೋಲಿನ ತುದಿಗೆ ಮೈಕು ಕಟ್ಟಿ
ಮಂಚದ ಮೇಲೆ ನಿಂತು ಎತ್ತಿ ಹಿಡಿಯುವವಳು.
ಗಾಳಿ ಹೊಗದಂತೆ ಮೈಕಿಗೆ
ಅಕ್ಕನ ಕೂಸಿನ ಕುಲಾವಿ.

ಹುರುಳಿಕಟ್ಟಿನ ಸಾರು, ಎರಡು ದಿನ ಕುದಿದದ್ದು,
ಅಡುಗೆಮನೆಯಿಂದ ಬಂತು.
ಯಾರು ಮಾಡಿದ್ದು ಅಂತ ಯಾರೂ ಕೇಳಲಿಲ್ಲ.

ಮೊದಲ ಟೇಕು. ಹಾಲೇಶಪ್ಪ ಮುದ್ದೆ ಮುರಿದರು,
ಅದ್ದಿದರು, ನುಂಗಿದರು, ಗೋಡೆ ನೋಡಿದರು.
ಆಮೇಲೆ, ಎಲ್ಲಿಂದ ಬಂತೋ,
‘ಸಾರು ಚೆನ್ನಾಗಿದೆ ಕಣೇ’ ಅಂದರು.
ಸರಿಯಾಗಿ ಅದೇ ಹೊತ್ತಿಗೆ ತಾಳಗುಪ್ಪದ ರೈಲು.

ಎರಡನೇದಕ್ಕೆ ಬ್ಯಾಟರಿ ಸತ್ತಿತು.
ಮೂರಕ್ಕೆ ಇಮ್ರಾನ್ ನಕ್ಕ, ಮೂಗಿಂದ ಸಾರು ಬಂತು.
ನಾಲ್ಕಕ್ಕೆ ಪಕ್ಕದ ಮನೆ ಕುಕ್ಕರು.
ಐದು ಬಂಗಾರದಂಥ ಟೇಕು,
ನೂತನ ರೆಕಾರ್ಡು ಒತ್ತಿರಲಿಲ್ಲ.
ಪ್ರತಿ ಸಲವೂ ಹಾಲೇಶಪ್ಪ
ಫ್ಲೋರಿನ್ ಟೀಚರ ಮುಖ ನೋಡಿ,
ಪ್ರತಿ ಸಲವೂ ಈಗಷ್ಟೇ ಹೊಳೆದವರ ಹಾಗೆ,
‘ಸಾರು ಚೆನ್ನಾಗಿದೆ ಕಣೇ.’

ಆರಕ್ಕೆ ಪಾತ್ರೆಯ ತಳ ಕಂಡಿತು.
ಏಳಕ್ಕೆ ಅದು ಬರೀ ಬಿಸಿನೀರು,
ಬಣ್ಣಕ್ಕೆ ಎರಡು ಚಮಚ ಖಾರದಪುಡಿ.
ಅದ್ದಿದರು. ನುಂಗಿದರು. ಕಣ್ಣು ತುಂಬಿತು,
ಖಾರಕ್ಕೋ ಕಲೆಗೋ.
‘ಸಾರು ಚೆನ್ನಾಗಿದೆ ಕಣೇ.’

ಆಗ ಕ್ಯಾಮೆರಾ ಕಾಣದ ಕಡೆಯಿಂದ, ಬಾಗಿಲ ಪರದೆಯ ಹಿಂದಿಂದ:
‘ಮೂವತ್ತೊಂದು ವರ್ಷ ಸಾರು ಬಡಿಸಿದೆ, ಬಾಯಿ ಬಿಡಲಿಲ್ಲ.
ನೀರು ಬಡಿಸಿದ್ರೆ ಹೊಗಳ್ತೀರಲ್ರೀ!’

ನನ್ನ ಕೈಯ ಕೋಲು ತಾನಾಗಿ ಆ ಕಡೆ ತಿರುಗಿತು,
ಹಸು ಹುಲ್ಲಿನ ಕಡೆ ಕತ್ತು ತಿರುಗಿಸುವ ಹಾಗೆ.
ನೂತನ ಕಟ್ ಅನ್ನಲಿಲ್ಲ.
ಮರೆತದ್ದು. ಆಮೇಲೆ ಶೈಲಿ ಅಂದ.
ಫ್ಲೋರಿನ್ ಟೀಚರು ಎದ್ದು, ತಟ್ಟೆ ಸರಿಸಿ,
‘ಬನ್ನಿ, ನಿಮ್ಮ ಜಾಗ’ ಅಂದರು.
‘ಬೇಡ್ರೀ, ನೈಟಿಲಿದೀನಿ.’
ಕುಲುಮೆ ಮುಂದೆ ಇಪ್ಪತ್ತೆಂಟು ವರ್ಷ ನಿಂತ ಮನುಷ್ಯ
ಮುಖ ಕೆಂಪಗೆ ಮಾಡಿಕೊಂಡು
ತಟ್ಟೆ ಎತ್ತಿ ಆ ಖಾರದ ನೀರನ್ನು
ಒಂದು ತೊಟ್ಟೂ ಬಿಡದೆ ಕುಡಿದರು.
ಇಮ್ರಾನ್ ಮಾತ್ರ ಪಾತ್ರ ಬಿಡಲಿಲ್ಲ.
ಪರದೆ ಕಡೆ ತಿರುಗಿ, ‘ಅಮ್ಮಾ, ನಂಗೂ ಒಂಚೂರು ನೀರು.’

ಕೊನೆಗೆ ಹೆಸರು ಹಾಕಬೇಕಿತ್ತು.
ನಮಗೆಲ್ಲ ಆಕೆ ‘ಹಾಲೇಶಪ್ಪನವರ ಮನೆಯವರು’.
ಕೇಳಲು ಹೋದಾಗ ಬಟ್ಟೆ ಹಿಂಡುತ್ತಿದ್ದರು.
‘ಎಚ್. ವಿಶಾಲಾಕ್ಷಿ, ಎಸ್ಸೆಸ್ಸೆಲ್ಸಿ.
ಎಸ್ಸೆಸ್ಸೆಲ್ಸಿ ಬಿಡ್ಬೇಡ ಮತ್ತೆ, ಫಸ್ಟ್ ಕ್ಲಾಸು.’
ಅಡುಗೆ ಅಂತ ಹಾಕಲೋ, ಧ್ವನಿ ಅಂತ ಹಾಕಲೋ?
ಬಕೆಟ್ಟಿನ ಮೇಲೆ ಕೈ ನಿಂತಿತು.
‘ಎರಡಕ್ಕೂ ಬೇರೆ ಬೇರೆ ದುಡ್ಡಿದೆಯಾ?’

ಸಮುದಾಯ ಭವನದ ಊಟದ ಹಾಲು,
ನಲವತ್ತು ಕುರ್ಚಿ, ಗೋಡೆಗೊಂದು ಬಿಳಿ ಬಟ್ಟೆ.
ಆ ಮಾತಿಗೆ ಜನ ಬಿದ್ದೂ ಬಿದ್ದೂ ನಕ್ಕರು.
ಹಾಲೇಶಪ್ಪ ನಗಲಿಲ್ಲ. ನನ್ನ ಪಕ್ಕದಲ್ಲೇ ಇದ್ದರು,
ಪರದೆಯ ಮೇಲೆ ಆ ದನಿ ಬರುವ ಮೊದಲೇ
ಅವರ ತುಟಿ ಆಡುತ್ತಿತ್ತು: ಮೂವತ್ತೊಂದು ವರ್ಷ...
ತಮ್ಮದಲ್ಲ, ಅವಳ ಮಾತು ಬಾಯಿಪಾಠವಾಗಿತ್ತು.

ಎರಡು ಕುರ್ಚಿ ಆಚೆ ವಿಶಾಲಾಕ್ಷಮ್ಮ
ಮುಂದೆ ಬಾಗಿ, ಕಣ್ಣು ಕಿರಿದು ಮಾಡಿ
ತುಂಬ ಹೊತ್ತು ನೋಡಿ ಅಂದರು:
‘ಅಯ್ಯೋ, ಅದು ನಮ್ಮನೆ ಬೆಡ್‌ಶೀಟು!’